ಎಲ್ಲಿ ನಿಲ್ಲಿಸಬೇಕು?

ಕ್ಯಾನ್ಸರಿನ ಗಂಟನ್ನು ಕೊಯ್ದು ತೆಗೆಯುವ ವೈದ್ಯನಿಗೆ ಅತಿ ಕಠಿನವಾದ ಪ್ರಶ್ನೆ, ಎಲ್ಲಿ ನಿಲ್ಲಿಸಬೇಕೆಂಬುದು. ಕಡಮೆ ತೆಗೆದರೆ ರೋಗದ ಬೇರು ಉಳಿದೀತು. ಹೆಚ್ಚು ತೆಗೆದರೆ ಆರೋಗ್ಯವಾದ ಅಂಗವೂ ನಷ್ಟವಾದೀತು. ಬರಿಗಣ್ಣಿಗೆ ಇವೆರಡರ ಗಡಿ ಸ್ಪಷ್ಟವಾಗಿ ಕಾಣದು. ತೆಗೆದ ಭಾಗವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಕೆಲವು ದಿನಗಳ ಮೇಲೆ 'ಅಂಚಿನಲ್ಲಿ ರೋಗವಿದೆ' ಎಂಬ ವರದಿ ಬಂದರೆ, ರೋಗಿ ಮತ್ತೊಮ್ಮೆ ಶಸ್ತ್ರಕ್ರಿಯೆಗೆ ಒಳಗಾಗಬೇಕಾಗುತ್ತದೆ. ದುಡಿದು ಉಣ್ಣುವವನಿಗೆ ಅದರ ಅರ್ಥವೇನೆಂಬುದನ್ನು ನಮ್ಮ ವಾಚಕರಿಗೆ ವಿವರಿಸಬೇಕಾಗಿಲ್ಲ.

ಈ ತೊಡಕಿಗೆ ವಿಜ್ಞಾನಿಗಳು ಕಂಡ ಉಪಾಯ ಸೊಗಸಾದುದು. ನಾವುಂಡ ಅನ್ನವನ್ನು ಒಡೆದು ಜೀರ್ಣಿಸುವ ವಸ್ತುಗಳಿಗೆ ಕಿಣ್ವಗಳೆಂದು ಹೆಸರು. ಜೀವಕೋಶಗಳಲ್ಲಿಯೂ ಕಿಣ್ವಗಳುಂಟು, ಅನೇಕ ಕ್ಯಾನ್ಸರುಗಳಲ್ಲಿ ಇವುಗಳಲ್ಲಿ ಕೆಲವು ಮಿತಿಮೀರಿ ದುಡಿಯುತ್ತವೆ. ಅಂಥ ಕಿಣ್ವವು ಕತ್ತರಿಸಬಲ್ಲ ತುಣುಕೊಂದನ್ನು ಹೊಳೆಯುವ ಬಣ್ಣಕ್ಕೆ ಕಟ್ಟಿದರೆ, ಆ ಬಣ್ಣವು ಮುಚ್ಚಿಟ್ಟ ದೀಪದಂತೆ ಇರುತ್ತದೆ. ಕಿಣ್ವವು ಕಟ್ಟನ್ನು ಕತ್ತರಿಸಿದೊಡನೆ ಮುಚ್ಚಳ ಕಳಚಿ ಬೆಳಕು ಮೂಡುತ್ತದೆ. 2011ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದ ಯಸುತೆರು ಉರಾನೊ, ಅಮೆರಿಕದ ಹಿಸಟಾಕ ಕೊಬಯಾಶಿ ಮತ್ತು ಸಂಗಡಿಗರು ಇಂಥ ದ್ರವವನ್ನು ಇಲಿಗಳ ಹೊಟ್ಟೆಯೊಳಗಿನ ಗಂಟುಗಳ ಮೇಲೆ ಸಿಂಪಡಿಸಲು, ನಿಮಿಷಮಾತ್ರದಲ್ಲಿ ಅವು ಹಸಿರಾಗಿ ಹೊಳೆದವು. ಸ್ತನದ ಕ್ಯಾನ್ಸರಿನ ಶಸ್ತ್ರಕ್ರಿಯೆಯಲ್ಲಿ ಬಳಸಲು ಇದೇ ತತ್ತ್ವದ ಪೆಗುಲಿಸಿಯಾನಿನ್ ಎಂಬ ಔಷಧಕ್ಕೆ 2024ರ ಏಪ್ರಿಲಿನಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಶಸ್ತ್ರಕ್ರಿಯೆಗೆ ಮುಂಚೆ ಅದನ್ನು ರಕ್ತನಾಳಕ್ಕೆ ಕೊಡುತ್ತಾರೆ. ದೋಷಗಳೂ ಇಲ್ಲದಿಲ್ಲ. ರೋಗವಿಲ್ಲದ ಕಡೆಯೂ ಬೆಳಕು ಮೂಡಬಹುದು. ಕೆಲವರ ಮೈಗೆ ಔಷಧವು ಒಗ್ಗದೆ ಪ್ರಾಣಾಪಾಯವೂ ಒದಗಬಹುದು. ಬೆಳಕು ವೈದ್ಯನ ಸಹಾಯಕನೇ ಹೊರತು ವೈದ್ಯನಲ್ಲ.

ಇಂಥ ಸಾಧನಗಳು ಧನಿಕರ ಆಸ್ಪತ್ರೆಗಳಲ್ಲಿಯೇ ಉಳಿಯದೆ ಸಾರ್ವಜನಿಕ ಆಸ್ಪತ್ರೆಗಳಿಗೂ ಬರಬೇಕೆಂಬುದು ನಮ್ಮ ಆಗ್ರಹ. ಆದರೆ ಈ ದೀಪವು ರೋಗಿಯನ್ನು ಹುಡುಕಿಕೊಂಡು ಬೀದಿಗೆ ಬಾರದು. ಅವನು ಆಸ್ಪತ್ರೆಯನ್ನು ಸೇರಿದ ಮೇಲಷ್ಟೇ ಅದರ ಉಪಯೋಗ. ತಂಬಾಕು ಹಾಕುವ ನಮ್ಮ ಹುಡುಗರು ಬಾಯೊಳಗಿನ ಹುಣ್ಣನ್ನು ತಿಂಗಳುಗಟ್ಟಲೆ ಬಚ್ಚಿಡುವುದನ್ನು ಹೋಟೆಲು ನಡೆಸಿದ ನಾವು ಬಲ್ಲೆವು. ಸಂಬಳ ಕಡಿತವಾದೀತು, ಕೆಲಸ ಹೋದೀತು ಎಂಬುದೇ ಅವರ ಭಯ. ಎರಡು ವಾರಗಳಲ್ಲಿ ಮಾಯದ ಹುಣ್ಣು, ಬಿಳಿಯ ಅಥವಾ ಕೆಂಪು ಮಚ್ಚೆ ಇವನ್ನು ಕಂಡವರು ತಡಮಾಡದೆ ವೈದ್ಯರಲ್ಲಿ ತೋರಿಸಿಕೊಳ್ಳಬೇಕು. ಮುಂಬಯಿಯ ಪರೇಲಿನಲ್ಲಿ 1941ರಿಂದಲೂ ಟಾಟಾ ಸ್ಮಾರಕ ಆಸ್ಪತ್ರೆಯಿದೆ. ಅಲ್ಲಿಗೆ ಹೊರಟವನಿಗೆ ಒಂದು ದಿನದ ರಜೆಯನ್ನು ಸಂಬಳ ಸಹಿತವಾಗಿ ಕೊಡುವುದು ಮಾಲಿಕರ ಧರ್ಮ. ಈ ಮಾತನ್ನು ನಾವು ಮೊದಲು ನಮಗೇ ಹೇಳಿಕೊಂಡು, ಬಳಿಕ ಉಳಿದವರಿಗೆ ಹೇಳುತ್ತಿದ್ದೇವೆ.