ಹಳೆಯ ಕ್ಯಾಮೆರಾ ಸಾಕೇ?

ಮಕ್ಕಳೇ, ಮನೆಯಲ್ಲಿ ಹಳೆಯ ಡಿಎಸ್‌ಎಲ್‌ಆರ್ ಇದ್ದರೆ ಹೊಸದಕ್ಕೆ ಹಟ ಹಿಡಿಯುವ ಮುನ್ನ ಇದನ್ನು ಓದಿ. 2006ರ ನಿಕಾನ್ ಡಿ40, 2018ರ ಡಿ3500, ಎರಡೂ ಹೊಸದಾಗಿ ಕಲಿಯುವವರಿಗೆಂದೇ ಬಂದವು. ಮೊದಲನೆಯದು 6 ಮೆಗಾಪಿಕ್ಸೆಲ್, ಎರಡನೆಯದು 24. ಹಾಗೆಂದು ಚಿತ್ರ ನಾಲ್ಕು ಪಟ್ಟು ಚೆನ್ನಾಗಿ ಬರುವುದಿಲ್ಲ. ಆಲ್ಬಮ್ಮಿನ 4×6 ಇಂಚಿನ ಪ್ರಿಂಟ್‌ಗೆ 2 ಮೆಗಾಪಿಕ್ಸೆಲ್ ಸಾಕು. ಬಿಸಿಲಿನಲ್ಲಿ ತೆಗೆದ ಚಿಟ್ಟೆಯ ಪ್ರಿಂಟ್ ನೋಡಿ ಅದು ಯಾವ ಕ್ಯಾಮೆರಾದ್ದೆಂದು ನಾನೂ ಹೇಳಲಾರೆ.

ವ್ಯತ್ಯಾಸ ಕಾಣುವುದು ಮಬ್ಬು ಬೆಳಕಿನಲ್ಲಿ. ಶಾಲೆಯ ವೇದಿಕೆಯಲ್ಲಿ ತಂಗಿ ಕುಣಿಯುವಾಗ ಹಳೆಯದರ ಐಎಸ್‌ಒ ಏರಿಸಿದರೆ, ರವೆ ಚೆಲ್ಲಿದಂತೆ ಚಿತ್ರದ ತುಂಬ ಚುಕ್ಕೆಗಳು. ಹೊಸದರಲ್ಲಿ ಅವು ಬಹಳ ಕಡಿಮೆ. ವಿಡಿಯೊ ಕೂಡ ಉಂಟು. ಹಗಲಿನ ಚಿತ್ರಗಳೇ ಹೆಚ್ಚು ಎನ್ನುವವರಿಗೆ ನನ್ನ ಸಲಹೆ: ಹಳೆಯದರಲ್ಲೇ ಕಲಿಯಿರಿ. ಉಳಿದ ಹಣದಲ್ಲಿ ಅಪ್ಪ ಅಮ್ಮ ಎಎಫ್-ಎಸ್ 35 ಎಂಎಂ ಎಫ್1.8ಜಿ ಲೆನ್ಸ್ ಕೊಡಿಸಲಿ. ಅದು ಎರಡಕ್ಕೂ ಹೊಂದುತ್ತದೆ.