ಮೊದಲು ನಮ್ಮೊಳಗೆ ಒಂದು ಕಾಗದ, ಆಮೇಲೆ ಕಂಪನಿ

ಲಿಂಕ್ಡ್‌ಇನ್ ತೆಗೆದು ನಮ್ಮ ಬ್ಯಾಚಿನವರ ಪ್ರೊಫೈಲ್ ನೋಡ್ತಾ ಹೋಗಿ. ಸೆಕ್ಷನ್ನಿಗೆ ಮೂರು ಜನನಾದ್ರೂ ಫೌಂಡರ್, ಕೋ-ಫೌಂಡರ್ ಸಿಗ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಐಡಿಯಾ ಇದೆ, ಕೋಡ್ ಬರೆಯೋಕೆ ಬರುತ್ತೆ, ಇಂಟರ್ನಲ್ಸ್ ಮಧ್ಯೆ ನಿದ್ದೆಗೆಡೋ ಶಕ್ತಿಯೂ ಇದೆ. ನನ್ನ ತಕರಾರು ಬೇರೆ. ನಮಗೆ ಪಿಚ್ ಮಾಡೋದು ಹೇಗೆ, ಸ್ಲೈಡಲ್ಲಿ ಎಷ್ಟು ಅಕ್ಷರ ಇರ್ಬೇಕು, ಇನ್ವೆಸ್ಟರ್ ಕಣ್ಣಲ್ಲಿ ಕಣ್ಣಿಟ್ಟು ಹೇಗೆ ಮಾತಾಡ್ಬೇಕು ಅಂತ ಹೇಳಿಕೊಡೋಕೆ ವರ್ಕ್‌ಶಾಪ್ ಮೇಲೆ ವರ್ಕ್‌ಶಾಪ್ ನಡೀತವೆ. ಸೈನ್ ಹಾಕೋ ಮುಂಚೆ ಏನು ಓದ್ಬೇಕು ಅಂತ ಹೇಳೋಕೆ ಒಂದೂ ಇಲ್ಲ.

ನಾನು ಹೇಳೋಕೆ ಹೊರಟಿರೋದು ಇಷ್ಟು. ದುಡ್ಡು ಕೊಡೋ ಗ್ರಾಹಕ ಬರೋವರೆಗೆ ಅಥವಾ ಕಂಪನಿ ಇಲ್ಲದೆ ಸಿಗದ ಗ್ರಾಂಟ್ ಒಂದು ಎದುರಿಗೆ ಬರೋವರೆಗೆ ಪ್ರೈವೇಟ್ ಲಿಮಿಟೆಡ್ ಬೇಡ. ಆದರೆ ಗೆಳೆಯರ ಮಧ್ಯೆ ಒಂದು ಒಪ್ಪಂದದ ಕಾಗದ ಮಾತ್ರ ಮೊದಲ ವಾರದಲ್ಲೇ ಬೇಕು. ನಾವು ಸರಿಯಾಗಿ ಉಲ್ಟಾ ಮಾಡ್ತಿದ್ದೀವಿ. ಕಂಪಿಟಿಶನ್ ಫಾರ್ಮಲ್ಲಿ ‘ರಿಜಿಸ್ಟರ್ಡ್’ ಅನ್ನೋ ಬಾಕ್ಸ್ ಟಿಕ್ ಮಾಡೋಕೆ ಕಂಪನಿ ತೆರೀತೀವಿ, ನಮ್ಮೊಳಗಿನ ಪಾಲಿನ ಮಾತನ್ನ ಕ್ಯಾಂಟೀನಲ್ಲಿ ಚಹಾ ಕುಡೀತಾ ಬಾಯಲ್ಲೇ ಮುಗಿಸ್ತೀವಿ.

ನಮ್ಮ ದೊಡ್ಡಮ್ಮನ ಮಗಳು ಹುಬ್ಬಳ್ಳಿಯಲ್ಲಿ ಸಿಎ ಆರ್ಟಿಕಲ್‌ಶಿಪ್ ಮಾಡ್ತಿದ್ದಾಳೆ. ಈ ವಿಷಯದಲ್ಲಿ ನನಗೆ ಗೊತ್ತಿರೋದು ಅರ್ಧ ಅವಳಿಂದ, ಇನ್ನರ್ಧ ಅವಳು ಬೈದ ಮೇಲೆ ಕಾಯ್ದೆ ಪುಸ್ತಕ ತೆಗೆದು ಓದಿದ್ದರಿಂದ. ಕಾಲೇಜ್ ಹುಡುಗರ ಕಂಪನಿ ಅಂದ್ರೆ ಅಕ್ಕ ಹೇಳೋದು ಒಂದೇ ಮಾತು: “ಕೂಸು ಹುಟ್ಟೋ ಮುಂಚೆ ಕುಲಾವಿ.” (ಇಂಗ್ಲಿಷ್ ಮೀಡಿಯಂ ಪಾಪಿ ನಾನು, ಕುಲಾವಿ ಅಂದ್ರೇನು ಅಂತ ಅಮ್ಮನ್ನ ಕೇಳ್ಬೇಕಾಯ್ತು.)

ಕಂಪನಿ ತೆರೆಯೋದು ಈಗ ನಿಜಕ್ಕೂ ಸುಲಭ. ಇಬ್ಬರು ಡೈರೆಕ್ಟರ್, ಇಬ್ಬರು ಷೇರುದಾರರು ಸಾಕು, ಅವರೇ ಇವರಾದ್ರೂ ನಡೆಯುತ್ತೆ. ಕನಿಷ್ಠ ಬಂಡವಾಳ ಇಷ್ಟಿರ್ಬೇಕು ಅನ್ನೋ ನಿಯಮವನ್ನ 2015ರಲ್ಲೇ ತೆಗೆದ್ರು. ಆನ್‌ಲೈನ್ ಫಾರ್ಮ್, ಡಿಜಿಟಲ್ ಸಹಿ, ಮುಗೀತು. ಕಷ್ಟ ಶುರುವಾಗೋದು ಮರುದಿನದಿಂದ. 30 ದಿನದೊಳಗೆ ಆಡಿಟರ್ ನೇಮಕ ಆಗ್ಬೇಕು. 180 ದಿನದೊಳಗೆ, ಷೇರಿನ ದುಡ್ಡು ಬ್ಯಾಂಕಿಗೆ ಬಂದಿದೆ ಅಂತ ಘೋಷಣೆ ಕೊಡ್ಬೇಕು. ವ್ಯವಹಾರ ಒಂದು ರೂಪಾಯಿ ಇಲ್ದಿದ್ರೂ ಪ್ರತಿ ವರ್ಷ ಆಡಿಟ್ ಆಗ್ಬೇಕು. ಎಒಸಿ-4 ಅಂತ ಒಂದು ಫಾರ್ಮಲ್ಲಿ ಲೆಕ್ಕಪತ್ರ, ಎಂಜಿಟಿ-7ಎ ಅಂತ ಇನ್ನೊಂದರಲ್ಲಿ ವಾರ್ಷಿಕ ವರದಿ. ತಡ ಆದ್ರೆ ಫಾರ್ಮಿಗೆ ದಿನಕ್ಕೆ 100 ರೂಪಾಯಿ, ಅದಕ್ಕೆ ಮೇಲ್ಮಿತಿ ಇಲ್ಲ. ಎರಡೂ ಫಾರ್ಮನ್ನ ಒಂದು ವರ್ಷ ಮರೆತರೆ 73,000 ರೂಪಾಯಿ. ನಮ್ಮಲ್ಲಿ ಎಷ್ಟೋ ಜನರ ಒಂದು ವರ್ಷದ ಫೀಸು ಅದು.

ಮೂರು ವರ್ಷ ಸತತವಾಗಿ ಫೈಲ್ ಮಾಡ್ದಿದ್ರೆ ಡೈರೆಕ್ಟರ್‌ಗಳು 5 ವರ್ಷ ಅನರ್ಹ. ಇದು ಪುಸ್ತಕದಲ್ಲಿ ಮಲಗಿರೋ ನಿಯಮ ಅಲ್ಲ. 2017ರಲ್ಲಿ ಕೇಂದ್ರ ಸರ್ಕಾರ ಇದೇ ನಿಯಮದಡಿ 3 ಲಕ್ಷಕ್ಕೂ ಹೆಚ್ಚು ಡೈರೆಕ್ಟರ್‌ಗಳನ್ನ ಅನರ್ಹ ಮಾಡಿತ್ತು. ಸೆಕೆಂಡ್ ಇಯರಲ್ಲಿ ಸರ್ಟಿಫಿಕೇಟ್ ಆಸೆಗೆ ತೆರೆದು, ಫೈನಲ್ ಇಯರಲ್ಲಿ ಮರೆತು, ಕೆಲಸ ಮಾಡ್ತಾ 25ನೇ ವಯಸ್ಸಲ್ಲಿ ನಿಜವಾದ ಕಂಪನಿ ತೆರೆಯೋಕೆ ಹೋದಾಗ ಬಾಗಿಲು ಮುಚ್ಚಿರುತ್ತೆ. ಮುಚ್ಚೋಕೂ ದುಡ್ಡು ಬೇಕು. ಕಂಪನಿ ಹೆಸರು ತೆಗೆಸೋ ಅರ್ಜಿಗೇ 10,000 ರೂಪಾಯಿ ಶುಲ್ಕ, ಅದಕ್ಕೂ ಮುಂಚೆ ಬಾಕಿ ಫೈಲಿಂಗ್ ಎಲ್ಲ ತೀರಿಸ್ಬೇಕು.

ಟ್ಯಾಕ್ಸ್ ಕಡೆಯಿಂದ ನೋಡಿದ್ರೂ ಅಷ್ಟೇ. ಅಂಗಡಿಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ಒಬ್ಬರೇ ವರ್ಷಕ್ಕೆ 3 ಲಕ್ಷ ಸಂಪಾದಿಸಿದ್ರಿ ಅಂದ್ಕೊಳ್ಳಿ. 2025-26ರಿಂದ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ಆದಾಯ ಇರೋ ವ್ಯಕ್ತಿಗೆ ತೆರಿಗೆ ಸೊನ್ನೆ. ಕ್ಲೈಂಟ್ ಟಿಡಿಎಸ್ ಹಿಡಿದಿದ್ರೆ ರಿಟರ್ನ್ ಹಾಕಿ ವಾಪಸ್ ತಗೊಬಹುದು. ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ದಾಟೋವರೆಗೆ ಜಿಎಸ್‌ಟಿ ನೋಂದಣಿಯೂ ಬೇಡ. ಅದೇ 3 ಲಕ್ಷ ಕಂಪನಿಯ ಲಾಭ ಆದ್ರೆ ಮೊದಲ ರೂಪಾಯಿಯಿಂದಲೇ ಸುಮಾರು 25% ತೆರಿಗೆ. “ಸ್ಟಾರ್ಟಪ್‌ಗೆ ಮೂರು ವರ್ಷ ಟ್ಯಾಕ್ಸ್ ಇಲ್ವಲ್ಲ” ಅಂತೀರಾ? ಆ ರಿಯಾಯಿತಿ ತಾನಾಗೇ ಬರಲ್ಲ. ಡಿಪಿಐಐಟಿ ಮಾನ್ಯತೆ ಒಂದು ಹಂತ, ಅದಕ್ಕೆ ಶುಲ್ಕ ಇಲ್ಲ. ತೆರಿಗೆ ರಿಯಾಯಿತಿಗೆ ಸಚಿವಾಲಯಗಳ ಮಂಡಳಿಯೊಂದರ ಪ್ರಮಾಣಪತ್ರ ಬೇರೆ ಬೇಕು. ಅದೂ ಸಿಕ್ತು ಅಂದ್ಕೊಂಡ್ರೂ, ಲಾಭವೇ ಇಲ್ಲದ ಕಂಪನಿಗೆ ಲಾಭದ ಮೇಲೆ 100% ವಿನಾಯ್ತಿ ಅಂದ್ರೆ ಎಷ್ಟಾಯ್ತು? ಎಂ-1 ಪಾಸಾದವರು ಲೆಕ್ಕ ಹಾಕಿ. ಹಾಗೇ ಇನ್ನೊಂದು: 2012ರಲ್ಲಿ ಬಂದ ಏಂಜೆಲ್ ಟ್ಯಾಕ್ಸನ್ನ 2024ರ ಬಜೆಟ್ಟಲ್ಲೇ ತೆಗೆದುಹಾಕಿದ್ದಾರೆ. ಅದರ ಹೆಸರಲ್ಲಿ ಹೆದರಿಸೋ ಹಳೇ ಸ್ಲೈಡ್‌ಗಳನ್ನ ಡಿಲೀಟ್ ಮಾಡಬಹುದು.

ಕಂಪನಿಗೆ ಒಂದು ನಿಜವಾದ ಲಾಭ ಇದೆ, ಅದನ್ನ ಮುಚ್ಚಿಡಲ್ಲ. ಕಂಪನಿ ಮುಳುಗಿದ್ರೆ ಸಾಮಾನ್ಯವಾಗಿ ನಿಮ್ಮ ಸ್ವಂತ ಆಸ್ತಿಗೆ ಕೈ ಹಾಕೋ ಹಾಗಿಲ್ಲ. ಡ್ರೋನ್ ಹಾರಿಸೋರು, ಬ್ಯಾಟರಿ ಪ್ಯಾಕ್ ಕಟ್ಟಿ ಮಾರೋರು, ಅಂದ್ರೆ ಬೇರೆಯವರ ಮೈಮೇಲೆ ಬೀಳಬಹುದಾದ ವಸ್ತು ಮಾಡೋರು ಮಾರಾಟಕ್ಕೆ ಮುಂಚೆಯೇ ಕಂಪನಿ ಮಾಡ್ಕೊಳ್ಳೋದು ಒಳ್ಳೇದು. ಆದರೆ ನಮ್ಮಲ್ಲಿ ಬಹುಪಾಲು ಜನ ಮಾಡ್ತಿರೋದು ಆ್ಯಪ್.

ಈಗ ಕಾಗದದ ವಿಷಯ. ಮೂರು ಜನ ಸೇರಿ ಲಾಭ ಹಂಚ್ಕೊಳ್ಳೋ ಮಾತಾಡಿ ವ್ಯವಹಾರ ಶುರು ಮಾಡಿದ್ರೆ, ಏನೂ ಬರೆಯದಿದ್ರೂ 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ ನೀವು ಪಾಲುದಾರರೇ. ವ್ಯವಹಾರದ ಹೆಸರಲ್ಲಿ ಒಬ್ಬ ಮಾಡಿದ ಸಾಲಕ್ಕೆ ಮೂವರೂ ಹೊಣೆ. ಅಂದ್ರೆ ಕಾಗದ ಇಲ್ಲ ಅಂದ್ರೆ ಸಂಬಂಧ ಇಲ್ಲ ಅಂತ ಅಲ್ಲ, ಸಂಬಂಧದ ಷರತ್ತುಗಳನ್ನ ನಿಮ್ಮ ಬದಲು ಕಾಯ್ದೆ ಬರೆದಿದೆ ಅಂತ.

ನಮ್ಮ ಟೀಮ್‌ಗಳನ್ನ ಒಡೆಯೋದು ಇನ್ವೆಸ್ಟರೂ ಅಲ್ಲ, ಕಾಂಪಿಟಿಟರೂ ಅಲ್ಲ, ಪ್ಲೇಸ್‌ಮೆಂಟ್ ಸೀಸನ್. ಆರನೇ ಸೆಮ್ ಮುಗೀತಿದ್ದ ಹಾಗೆ ಮೂವರಲ್ಲಿ ಒಬ್ಬನಿಗೆ ಒಳ್ಳೆ ಆಫರ್ ಬರುತ್ತೆ. ಅವನ ಮನೇಲಿ ತಂಗಿ ಓದ್ತಿದ್ದಾಳೆ, ಅಪ್ಪನ ಸಾಲ ಇದೆ, ಅವನು ಹೋಗ್ಲೇಬೇಕು. ಹೋಗೋದು ದ್ರೋಹ ಅಲ್ಲ. ಆದರೆ ಅವನ ಹೆಸರಲ್ಲಿ ಮೂರನೇ ಒಂದು ಪಾಲಿನ ಷೇರು ಇದ್ರೆ ಅದೂ ಅವನ ಜೊತೆಗೇ ಹೋಗುತ್ತೆ. ಉಳಿದ ಇಬ್ಬರು ಇನ್ನು ನಾಲ್ಕು ವರ್ಷ ಒದ್ದಾಡಿ ಬೆಳೆಸಿದ್ರೂ ಮೂರನೇ ಒಂದು ಭಾಗ ಅವನದ್ದೇ. ಮುಂದೆ ಬರೋ ಇನ್ವೆಸ್ಟರ್ ಆ ಪಟ್ಟಿ ನೋಡಿ “ಇವನ್ಯಾರು?” ಅಂತಾನೆ. ನಾನು ನೋಡಿದ ಒಂದು ಸೀನಿಯರ್ ಟೀಮ್ ಆ ಪ್ರಶ್ನೆವರೆಗೂ ಹೋಗ್ಲಿಲ್ಲ. ಪಾಲಿನ ಜಗಳದಲ್ಲೇ ಮುಗೀತು. ಮೊದಲ ವರ್ಷದಿಂದ ಒಂದೇ ರೂಮಲ್ಲಿದ್ದ ಇಬ್ಬರು ಫೇರ್‌ವೆಲ್ ದಿನ ಬೇರೆ ಬೇರೆ ಸಾಲಲ್ಲಿ ಕೂತಿದ್ರು.

ಇದಕ್ಕೆ ಇರೋ ಮದ್ದಿನ ಹೆಸರು ವೆಸ್ಟಿಂಗ್. ಷೇರನ್ನ ಒಂದೇ ಸಲ ಪೂರ್ತಿ ಗಳಿಸಿದ ಹಾಗಲ್ಲ, ಕೆಲಸ ಮಾಡಿದ ಕಾಲಕ್ಕೆ ತಕ್ಕ ಹಾಗೆ ಗಳಿಸ್ತಾ ಹೋಗೋದು. ಸಾಮಾನ್ಯವಾಗಿ 4 ವರ್ಷ, ಅದರಲ್ಲಿ ಮೊದಲ ವರ್ಷ ಪೂರೈಸದೆ ಹೋದ್ರೆ ಏನೂ ಇಲ್ಲ. ಮೂವರಿಗೂ ತಲಾ 32%, ಮುಂದೆ ಸೇರೋರಿಗೆ ಅಂತ 4% ಇಟ್ರಿ ಅಂದ್ಕೊಳ್ಳಿ. ಒಬ್ಬ ಒಂದೂವರೆ ವರ್ಷಕ್ಕೆ ಹೊರಟ್ರೆ 48 ತಿಂಗಳಲ್ಲಿ 18 ಕಳೆದಿದೆ, ಅವನಿಗೆ 12% ಉಳಿಯುತ್ತೆ, 20% ವಾಪಸ್ ಬರುತ್ತೆ. ಅವನಿಗೂ ಅನ್ಯಾಯ ಇಲ್ಲ, ಇವರಿಗೂ ಇಲ್ಲ. ಈ ಲೆಕ್ಕ ಆಫರ್ ಲೆಟರ್ ಬರೋ ಮುಂಚೆ ಹಾಕಿದ್ರೆ ಹತ್ತು ನಿಮಿಷದ ಕೆಲಸ. ಬಂದ ಮೇಲೆ ಹಾಕಿದ್ರೆ ವಾಟ್ಸಾಪ್ ಗ್ರೂಪ್ ಎರಡಾಗುತ್ತೆ.

ಕೋಡ್ ಯಾರದ್ದು ಅನ್ನೋದನ್ನೂ ಅದೇ ಕಾಗದದಲ್ಲಿ ಬರೀರಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ, ನೌಕರಿ ಮೇಲೆ ಇಟ್ಕೊಂಡು ಬರೆಸಿದ್ದಲ್ಲದಿದ್ರೆ, ಬರೆದವನೇ ಮೊದಲ ಮಾಲೀಕ. ಫ್ರೆಂಡ್ ಒಂದು ರಾತ್ರಿ ಕೂತು ಲಾಗಿನ್ ಮಾಡ್ಯೂಲ್ ಬರೆದುಕೊಟ್ಟ ಅಂದ್ರೆ ಅದು ಅವನದ್ದು, ಸಹಿ ಇರೋ ಬರಹದಲ್ಲಿ ವರ್ಗಾವಣೆ ಆಗೋವರೆಗೆ. ಬರೆಯುವಾಗ ಅವಧಿ ಹಾಕದಿದ್ರೆ ವರ್ಗಾವಣೆ 5 ವರ್ಷಕ್ಕೆ ಮಾತ್ರ, ಜಾಗ ಹೇಳದಿದ್ರೆ ಭಾರತಕ್ಕೆ ಮಾತ್ರ. ಒಂದು ಸಾಲು ಬಿಟ್ಟಿದ್ದಕ್ಕೆ ಆರನೇ ವರ್ಷ ನಿಮ್ಮ ಆ್ಯಪಿನ ಒಂದು ತುಂಡು ಮತ್ತೆ ಅವನ ಕೈಗೆ. ಹಾರ್ಡ್‌ವೇರ್ ಮಾಡೋರು ಪೇಟೆಂಟ್ ಆಸೆ ಇದ್ರೆ ಫೆಸ್ಟಲ್ಲಿ ಪೋಸ್ಟರ್ ಅಂಟಿಸೋ ಮುಂಚೆ ತಾತ್ಕಾಲಿಕ ಅರ್ಜಿ ಹಾಕಿ. ವ್ಯಕ್ತಿಯ ಹೆಸರಲ್ಲಿ ಆನ್‌ಲೈನಲ್ಲಿ ಹಾಕಿದ್ರೆ ಶುಲ್ಕ 1,600 ರೂಪಾಯಿ. ಎಲ್ಲರೆದುರು ತೋರಿಸಿದ ಮೇಲೆ ‘ಹೊಸದು’ ಅಂತ ವಾದ ಮಾಡೋದು ಕಷ್ಟ.

ಫಸ್ಟ್ ಇಯರಿನವರನ್ನ ಸೇರಿಸ್ಕೊಳ್ಳೋರು ಗಮನಿಸಿ: 18 ತುಂಬಿರದವರು ಮಾಡಿದ ಒಪ್ಪಂದ ಅನೂರ್ಜಿತ. 1903ರಲ್ಲಿ ಪ್ರಿವಿ ಕೌನ್ಸಿಲ್ ತೀರ್ಮಾನ ಮಾಡಿದ ಮಾತು, ಇವತ್ತಿಗೂ ಅದೇ ಕಾನೂನು. ನಿಮ್ಮ ಟೀಮಿನ ಬುದ್ಧಿವಂತ ಜೂನಿಯರ್‌ಗೆ ಇನ್ನೂ ಹದಿನೇಳು ಅಂದ್ರೆ ಹುಟ್ಟುಹಬ್ಬ ಆದ್ಮೇಲೆ ಮತ್ತೆ ಸಹಿ ಮಾಡಿಸಿ.

ದುಡ್ಡಿನ ವಿಷಯಕ್ಕೆ ಬರೋಣ. ನಮಗೆ ಮೊದಲ ಇನ್ವೆಸ್ಟರ್ ಟಿವಿಯಲ್ಲಿ ಬರೋ ಶಾರ್ಕ್ ಅಲ್ಲ, ಸೋದರಮಾವ. ಇಲ್ಲಿ ಕಾನೂನು ತಮಾಷೆಯಾಗಿದೆ. ಆದಾಯ ತೆರಿಗೆ ಕಾನೂನಿಗೆ ಸೋದರಮಾವ ಸಂಬಂಧಿ. ಅವರು ನಿಮಗೆ 2 ಲಕ್ಷ ಉಡುಗೊರೆ ಕೊಟ್ರೆ ನೀವು ತೆರಿಗೆ ಕಟ್ಟೋ ಹಾಗಿಲ್ಲ. ಕಂಪನಿ ಕಾಯ್ದೆಯ ಸಂಬಂಧಿಕರ ಪಟ್ಟಿಯಲ್ಲಿ ಅಪ್ಪ, ಅಮ್ಮ, ಅಣ್ಣ, ತಂಗಿ ಎಲ್ಲ ಇದ್ದಾರೆ, ಸೋದರಮಾವ ಇಲ್ಲ! ಮದುವೆ ಮನೇಲಿ ಅವರಿಲ್ಲದೆ ಶಾಸ್ತ್ರ ನಡೆಯಲ್ಲ, ಕಂಪನಿ ಕಾಯ್ದೆಗೆ ಅವರು ಯಾರೋ ಹೊರಗಿನವರು. ಹಾಗಾಗಿ ಮಾವ ನೇರವಾಗಿ ಕಂಪನಿ ಖಾತೆಗೆ ಸಾಲ ಅಂತ ಹಾಕಿದ್ರೆ ಅದು ‘ಠೇವಣಿ’ ಆಗಿ, ದೊಡ್ಡ ಉಲ್ಲಂಘನೆ ಆಗೋ ಅಪಾಯ ಇದೆ. ನಿಮಗೇ ಉಡುಗೊರೆಯಾಗಿ ಕೊಟ್ಟು, ಪತ್ರ ಬರೆದು, ನೀವದನ್ನ ಷೇರಿಗೆ ಹಾಕಿದ್ರೆ ಆ ತೊಂದರೆ ಇಲ್ಲ. ಎರಡರಲ್ಲೂ ಮಾವನ ದುಡ್ಡು ಅದೇ 2 ಲಕ್ಷ.

ಸರ್ಕಾರದ ದುಡ್ಡಿಗೆ ಬೇಗ ರಿಜಿಸ್ಟರ್ ಆಗಿರೋದೇ ಒಳ್ಳೇದು ಅಂತ ಹೇಳೋರಿದ್ದಾರೆ. ಕರ್ನಾಟಕದ ಎಲಿವೇಟ್ ಯೋಜನೆಯಲ್ಲಿ 50 ಲಕ್ಷದವರೆಗೆ ಗ್ರಾಂಟ್ ಇದೆ, ಪಾಲು ಕೇಳಲ್ಲ, ಒಳ್ಳೆ ಯೋಜನೆ. ಆದರೆ 2021ರಲ್ಲಿ ಶುರುವಾದ ಕೇಂದ್ರದ ಸೀಡ್ ಫಂಡ್ ನಿಯಮ ಓದಿ: ಅರ್ಜಿ ಹಾಕುವಾಗ ಕಂಪನಿಗೆ 2 ವರ್ಷ ಮೀರಿರಬಾರದು. ಸೆಕೆಂಡ್ ಇಯರಲ್ಲಿ ಖುಷಿಗೆ ತೆರೆದ ಕಂಪನಿ, ಪ್ರಾಡಕ್ಟ್ ನಿಜಕ್ಕೂ ತಯಾರಾಗೋ ಫೈನಲ್ ಇಯರ್ ಹೊತ್ತಿಗೆ ಆ ಸಾಲಿಂದ ಹೊರಗೆ. ಗಡಿಯಾರ ಓಡಿಸೋಕೆ ಶುರು ಮಾಡಿದ್ದು ನೀವೇ.

ಕೊನೆಗೆ ಮನೆಯ ಮಾತು. ಕಂಪನಿಗೆ ವಿಳಾಸ ಬೇಕು. ಹಾಸ್ಟೆಲ್ ಕೊಡಲ್ಲ, ಕಾಲೇಜ್ ಕೊಡೋದು ಅನುಮಾನ. ಹಾಗಾಗಿ ಊರಿನ ಮನೆಯ ಕರೆಂಟ್ ಬಿಲ್ಲು, ಮನೆ ಯಾರ ಹೆಸರಲ್ಲಿದೆಯೋ ಅವರ ಒಪ್ಪಿಗೆ ಪತ್ರ. ಅಪ್ಪ ಅಂಗಡಿಯಲ್ಲೋ ಹೊಲದಲ್ಲೋ ಇರ್ತಾರೆ, ನಾವು ಪಿಡಿಎಫ್ ಕಳಿಸಿ “ಪ್ರಿಂಟ್ ತೆಗೆಸಿ ಸೈನ್ ಹಾಕಪ್ಪ, ಬರೀ ಫಾರ್ಮಾಲಿಟಿ” ಅಂತೀವಿ. ಮಗ ಅಲ್ವಾ, ಮಗಳಲ್ವಾ, ಹಾಕ್ತಾರೆ. ನಾಳೆ ನೋಟಿಸ್ ಬಂದ್ರೆ ಪೋಸ್ಟ್‌ಮ್ಯಾನ್ ಬರೋದು ಆ ಬಾಗಿಲಿಗೆ. ಇಂಗ್ಲಿಷಲ್ಲಿ ಅಚ್ಚಾದ ಆ ಕಾಗದದಲ್ಲಿ ಏನಿದೆ ಅಂತ ಕನ್ನಡದಲ್ಲಿ ಐದು ನಿಮಿಷ ಅಪ್ಪನಿಗೆ ಹೇಳೋಕೆ ಆಗುತ್ತಾ ಅಂತ ನಮ್ಮನ್ನೇ ಕೇಳ್ಕೊಂಡ್ರೆ, ನನ್ನ ಅಂದಾಜು, ಅರ್ಧ ಕಂಪನಿಗಳು ಒಂದು ವರ್ಷ ಮುಂದಕ್ಕೆ ಹೋಗ್ತವೆ.

ನಮ್ಮೊಳಗಿನ ಕಾಗದಕ್ಕಂತೂ ಇಂಗ್ಲಿಷ್ ಬೇಕೇ ಬೇಕು ಅಂತ ಯಾವ ಕಾನೂನೂ ಹೇಳಲ್ಲ. ಇ-ಸ್ಟ್ಯಾಂಪ್ ಪೇಪರ್ ಮೇಲೆ ಕನ್ನಡದಲ್ಲಿ ಬರೆದ ಒಪ್ಪಂದವೂ ಒಪ್ಪಂದವೇ. ಇ-ಸೆಲ್ಲಿನವರು ಮುಂದಿನ ಹ್ಯಾಕಥಾನಲ್ಲಿ ಎನರ್ಜಿ ಡ್ರಿಂಕ್ ಸ್ಟಾಲ್ ಪಕ್ಕ ಒಬ್ಬ ಸಿಎಗೋ ಕಂಪನಿ ಸೆಕ್ರೆಟರಿಗೋ ಒಂದು ಟೇಬಲ್ ಹಾಕಿಕೊಟ್ರೆ, ನಮ್ಮ ಕನ್ನಡ ಸಂಘ ಒಂದು ಪುಟದ ಕರಡು ತಯಾರು ಮಾಡಿ ಇಡಬಹುದು. ಅವರು ತಿದ್ದಿಕೊಡಲಿ. ಮೊದಲ ಕಲಮು ನಾನೇ ಬರೆದಿಟ್ಟಿದ್ದೀನಿ: “ನಮ್ಮಲ್ಲಿ ಯಾರಿಗಾದರೂ ಕೆಲಸ ಸಿಕ್ಕಿ ಹೊರಟರೆ, ಆ ದಿನದವರೆಗೆ ಗಳಿಸಿದ ಪಾಲು ಅವರದು, ಉಳಿದದ್ದು ಇರುವವರದು, ಹೋಗುವವರಿಗೆ ಊಟ ಹಾಕಿಸುವ ಖರ್ಚು ಎಲ್ಲರದು.” ಎರಡನೇದು ಕೋಡ್ ಬಗ್ಗೆ, ಅದನ್ನ ಸಿಎಸ್‌ನವರು ಯಾರಾದ್ರೂ ಬರೀರಿ.