ಅಂಚಿನ ಟಿಪ್ಪಣಿ ಎಲ್ಲರಿಗೂ ಸಿಗಲಿ

ಪಠ್ಯಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ಅರ್ಥ ಬರೆದುಕೊಳ್ಳದ ವಿದ್ಯಾರ್ಥಿ ಅಪರೂಪ. ಫ್ರಾನ್ಸಿನ ಗಣಿತಜ್ಞ ಫರ್ಮಾ ಹೀಗೆಯೇ ಅಂಚಿನಲ್ಲಿ ಬರೆದಿಟ್ಟ ಒಂದು ಟಿಪ್ಪಣಿಯನ್ನು ಅವರ ಮಗ 1670ರಲ್ಲಿ ಅಚ್ಚು ಹಾಕಿಸಿದರು. ಅದರಲ್ಲಿದ್ದ ಪ್ರಮೇಯಕ್ಕೆ ಆಂಡ್ರ್ಯೂ ವೈಲ್ಸ್ ಅವರ ಸಾಧನೆ ಪ್ರಕಟವಾದದ್ದು 1995ರಲ್ಲಿ!

ಈಗ ಶಾಲೆಯ ಪ್ರಾಜೆಕ್ಟಿಗೆ ಮಕ್ಕಳೇ ಜಾಲಪುಟ ತಯಾರಿಸುತ್ತಾರೆ. ಅದರಲ್ಲೂ ಅಂಚಿನ ಟಿಪ್ಪಣಿ ಹಾಕಬಹುದು. ಆದರೆ ಒಂದು ಎಚ್ಚರ ಬೇಕು. ದೃಷ್ಟಿಯಿಲ್ಲದವರು ಬಳಸುವ ಸ್ಕ್ರೀನ್ ರೀಡರ್ ತಂತ್ರಾಂಶವು ಎಚ್‌ಟಿಎಂಎಲ್ ಕಡತದಲ್ಲಿ ಪದಗಳಿರುವ ಕ್ರಮದಲ್ಲೇ ಓದಿ ಹೇಳುತ್ತದೆ. ಟಿಪ್ಪಣಿಗಳನ್ನೆಲ್ಲ ಕಡತದ ಕೊನೆಯಲ್ಲಿ ಗುಡ್ಡೆ ಹಾಕಿ, ಪರದೆಯ ಮೇಲೆ ಮಾತ್ರ ಬದಿಗೆ ತಂದರೆ, ಕೇಳುವ ವಿದ್ಯಾರ್ಥಿಗೆ 'ದ್ಯುತಿಸಂಶ್ಲೇಷಣೆ'ಯ ಅರ್ಥ ಪಾಠ ಮುಗಿದ ಮೇಲೆ ಸಿಗುತ್ತದೆ.

ಆದ್ದರಿಂದ ಟಿಪ್ಪಣಿಯನ್ನು ಆಯಾ ಪದದ ಅಥವಾ ವಾಕ್ಯದ ಬೆನ್ನಿಗೇ ಬರೆಯಿರಿ. ಇದಕ್ಕೆಂದೇ ಮೀಸಲಾದ ಟ್ಯಾಗ್ ಎಚ್‌ಟಿಎಂಎಲ್‌ನಲ್ಲಿಲ್ಲ. 'ಅಸೈಡ್' ಟ್ಯಾಗನ್ನು ಪ್ಯಾರಾದ ಒಳಗೆ ಹಾಕಿದರೆ ಬ್ರೌಸರ್ ಆ ಪ್ಯಾರಾವನ್ನು ಅಲ್ಲಿಗೇ ಮುಗಿಸಿಬಿಡುತ್ತದೆ. ಬದಲಿಗೆ 'ಸ್ಪ್ಯಾನ್' ಬಳಸಿ, ಅದರ 'ರೋಲ್' ಎಂಬಲ್ಲಿ 'ನೋಟ್' ಎಂದು ಕೊಡಿ. (ಇವನ್ನೆಲ್ಲ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪು ಮಾಡಬೇಕು.) ಒಳಗಿನ ಬರಹ 'ಟಿಪ್ಪಣಿ' ಎಂಬ ಪದದಿಂದಲೇ ಶುರುವಾದರೆ ಕೇಳುವವರಿಗೆ ಗೊಂದಲವಾಗದು.

ಅದನ್ನು ಬದಿಗೆ ಸರಿಸುವುದು ಸಿಎಸ್‌ಎಸ್ ಕೆಲಸ. 'ಫ್ಲೋಟ್' ಬಲಕ್ಕೆ ಒಯ್ಯುತ್ತದೆ. ಋಣ ಸಂಖ್ಯೆಯ 'ಮಾರ್ಜಿನ್' ಅಂಚಿನ ಖಾಲಿ ಜಾಗಕ್ಕೆ ಚಾಚುತ್ತದೆ. 'ಕ್ಲಿಯರ್' ಒಂದರ ಕೆಳಗೆ ಒಂದು ಕೂರಿಸುತ್ತದೆ. ಮೊಬೈಲಿನ ಕಿರಿದಾದ ಪರದೆಯಲ್ಲಿ ಅಂಚಿಗೆ ಜಾಗವೆಲ್ಲಿ? ಅಲ್ಲಿ 'ಮೀಡಿಯಾ ಕ್ವೆರಿ' ಬಳಸಿ ಟಿಪ್ಪಣಿಯನ್ನು ಸಾಲಿನೊಳಗೇ ಉಳಿಸಿ. 'ಡಿಸ್‌ಪ್ಲೇ ನನ್' ಹಾಕಿದರೆ ಅದು ಕಣ್ಣಿಗೂ ಕಿವಿಗೂ ಮರೆಯಾಗುತ್ತದೆ. ಮೌಸ್ ಇಟ್ಟಾಗ ಮಾತ್ರ ಮೂಡುವ ಅರ್ಥವೂ ಬೇಡ, ಮೊಬೈಲಿನಲ್ಲಿ ಮೌಸ್ ಇರುವುದಿಲ್ಲ. ತೆಳು ಬೂದು ಬಣ್ಣದ ಪುಟ್ಟ ಅಕ್ಷರಗಳಂತೂ ಮನೆಯ ಅಜ್ಜ ಅಜ್ಜಿಗೆ ಕಾಣುವುದೇ ಇಲ್ಲ.

ಪೋಷಕರೂ ಇದನ್ನು ಪರೀಕ್ಷಿಸಬಹುದು. ಆಂಡ್ರಾಯ್ಡ್ ಫೋನುಗಳಲ್ಲಿ 'ಟಾಕ್‌ಬ್ಯಾಕ್' ಇದೆ. ವಿಂಡೋಸ್ ಕಂಪ್ಯೂಟರಿಗೆ 'ಎನ್‌ವಿಡಿಎ' ಉಚಿತವಾಗಿ ಸಿಗುತ್ತದೆ. 2006ರಲ್ಲಿ ಅದನ್ನು ಆರಂಭಿಸಿದ ಆಸ್ಟ್ರೇಲಿಯಾದ ಮೈಕಲ್ ಕರನ್ ಸ್ವತಃ ದೃಷ್ಟಿಯಿಲ್ಲದವರು. ನಿಮ್ಮ ಮಗ ಅಥವಾ ಮಗಳು ಮಾಡಿದ ಪುಟವನ್ನು ಕಣ್ಣು ಮುಚ್ಚಿ, ಮೊದಲಿನಿಂದ ಕೊನೆಯವರೆಗೆ ಕೇಳಿ. ಎಲ್ಲಿ ಅರ್ಥ ತಪ್ಪಿತೋ ಆ ಜಾಗವನ್ನು ಗುರುತು ಹಾಕಿ ಕೊಡಿ. ಕಣ್ಣು ಕಾಣದ ಸಹಪಾಠಿಯೂ ಬರೆಯಬೇಕಾದದ್ದು ಅದೇ ಪರೀಕ್ಷೆಯನ್ನಲ್ಲವೇ?